ಕತ್ತಲನ್ನು ಸರಿಯಾಗಿ ತೋರಿಸುವ ಮಾನಿಟರ್

ಮಾನಿಟರ್ ಮಾರುವ ಯಾವ ಅಂಗಡಿಗೆ ಹೋದರೂ ಪರದೆಯ ಮೇಲೆ ಓಡುತ್ತಿರುವುದು ಹೆಚ್ಚುಕಡಿಮೆ ಒಂದೇ ಥರದ ವಿಡಿಯೊ. ಕೆಂಪು ಗಿಳಿ, ಹೋಳು ಮಾಡಿದ ಹಣ್ಣು, ನೀಲಿ ಸಮುದ್ರ, ಹತ್ತಿರದಿಂದ ತೆಗೆದ ಹೂವು. ನೋಡಿದ ಕೂಡಲೇ ಕಣ್ಣು ಅರಳುತ್ತದೆ. ಸಾಲಾಗಿ ಇಟ್ಟ ಎಲ್ಲಾ ಮಾನಿಟರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಆದರೆ ನಾವು ಆಟ ಆಡುವಾಗ ಬಹಳ ಹೊತ್ತು ಕಳೆಯುವುದು ಎಲ್ಲಿ? ಗುಹೆಯೊಳಗೆ, ಸುರಂಗದಲ್ಲಿ, ಮಳೆ ಬೀಳುತ್ತಿರುವ ರಾತ್ರಿಯ ಬೀದಿಯಲ್ಲಿ, ದೀಪ ಆರಿದ ಹಳೇ ಬಂಗಲೆಯಲ್ಲಿ. ಅಂಥ ಒಂದೇ ಒಂದು ದೃಶ್ಯವನ್ನೂ ಅಂಗಡಿಯವರು ಹಾಕಿರುವುದಿಲ್ಲ.

ಒಂದು ಮಾನಿಟರಿನ ಚಿತ್ರ ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಿದರೆ ನಾನು ಮೊದಲು ನೋಡುವುದು ಅದು ಕತ್ತಲನ್ನು ಹೇಗೆ ತೋರಿಸುತ್ತದೆ ಅಂತ. ಬಣ್ಣ ಬೇಕು, ವೇಗ ಬೇಕು, ಅಕ್ಷರ ಸ್ಪಷ್ಟವಾಗಿ ಕಾಣಬೇಕು, ಯಾವುದನ್ನೂ ಬೇಡ ಅನ್ನುತ್ತಿಲ್ಲ. ಆದರೆ ಅವೆಲ್ಲ ಈಗ ಮಧ್ಯಮ ಬೆಲೆಯ ಮಾನಿಟರಿನಲ್ಲೂ ಸಾಕಷ್ಟು ಚೆನ್ನಾಗಿ ಸಿಗುತ್ತವೆ. ಕಪ್ಪು ಹಾಗಲ್ಲ. ಒಳ್ಳೆಯ ಕಪ್ಪು ಇನ್ನೂ ಹುಡುಕಿ ತೆಗೆಯಬೇಕಾದ ವಸ್ತು.

ಅಕ್ಕನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ವರ್ಷ ಒಂದು ರಾತ್ರಿ ಲಿಂಕ್ ಕಳಿಸಿದ. "ಮಾಮ, 27 ಇಂಚು, 180 ಹರ್ಟ್ಸ್, 1 ಎಂಎಸ್, ಎಚ್‌ಡಿಆರ್ ಕೂಡ ಇದೆ. ತಗೋಬಹುದಾ?" ಪರದೆಯ ಗಾತ್ರ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ (ಹರ್ಟ್ಸ್), ಪರದೆಯ ಚುಕ್ಕೆ, ಅಂದರೆ ಪಿಕ್ಸೆಲ್, ಎಷ್ಟು ಮಿಲಿಸೆಕೆಂಡಿನಲ್ಲಿ ಬಣ್ಣ ಬದಲಿಸುತ್ತದೆ (ಎಂಎಸ್), ಕತ್ತಲು ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವ ಎಚ್‌ಡಿಆರ್. ನಾಲ್ಕು ಮಾತು, ನಾಲ್ಕೂ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವಂಥವು. ನಾನು ವಾಪಸ್ ಎರಡು ಪ್ರಶ್ನೆ ಕೇಳಿದೆ. "ನಿನ್ನ ರೂಮಿನ ಕಿಟಕಿ ಯಾವ ಕಡೆಗಿದೆ? ರಾತ್ರಿ ಆಡುವಾಗ ಲೈಟ್ ಹಾಕಿರ್ತೀಯಾ, ಆರಿಸಿರ್ತೀಯಾ?"

"ಅದಕ್ಕೂ ಮಾನಿಟರಿಗೂ ಏನು ಸಂಬಂಧ ಮಾಮ?"

ಬಹಳ ಸಂಬಂಧ ಇದೆ. ಅವನಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಎಲ್‌ಸಿಡಿ ಮಾನಿಟರಿನಲ್ಲಿ ಪರದೆಯ ಹಿಂದೆ ಬ್ಯಾಕ್‌ಲೈಟ್ ಇರುತ್ತದೆ. ಅದು ಸದಾ ಉರಿಯುತ್ತಲೇ ಇರುತ್ತದೆ. ಮುಂದಿರುವ ದ್ರವ ಸ್ಫಟಿಕದ ಪದರ ಆ ಬೆಳಕನ್ನು ಒಂದೊಂದು ಪಿಕ್ಸೆಲ್‌ನಲ್ಲೂ ಬೇಕಾದಷ್ಟು ಬಿಡುತ್ತದೆ, ಬೇಡವಾದಾಗ ತಡೆಯುತ್ತದೆ. ತೊಂದರೆ ಇರುವುದು ಈ ತಡೆಯುವ ಕೆಲಸದಲ್ಲಿ. ಮಧ್ಯಾಹ್ನ ಹಳೇ ಮರದ ಕಿಟಕಿ ಮುಚ್ಚಿದರೂ ಸಂದಿನಲ್ಲಿ ಬಿಸಿಲು ನುಸುಳುವ ಹಾಗೆ, ಪೂರ್ತಿ ಮುಚ್ಚಿದ ಪಿಕ್ಸೆಲ್‌ನಿಂದಲೂ ಒಂದಿಷ್ಟು ಬೆಳಕು ಸೋರುತ್ತದೆ. ಎಷ್ಟು ಸೋರುತ್ತದೆ ಅನ್ನುವುದನ್ನು ಕಾಂಟ್ರಾಸ್ಟ್ ಅನುಪಾತ ಹೇಳುತ್ತದೆ. ಎಲ್‌ಸಿಡಿ ಪರದೆಗಳಲ್ಲಿ, ಅಂದರೆ ಪ್ಯಾನಲ್‌ಗಳಲ್ಲಿ, ಐಪಿಎಸ್, ವಿಎ ಅಂತ ಬೇರೆಬೇರೆ ಜಾತಿ ಇವೆ. ಸಾಮಾನ್ಯ ಐಪಿಎಸ್ ಪ್ಯಾನಲ್‌ನಲ್ಲಿ ಅದು ಸುಮಾರು 1000ಕ್ಕೆ 1. ಅಂದರೆ ಬಿಳಿ 300 ನಿಟ್ (ನಿಟ್ ಅನ್ನುವುದು ಪರದೆಯ ಹೊಳಪಿನ ಅಳತೆ) ಇದ್ದರೆ ಕಪ್ಪು 0.3 ನಿಟ್. ವಿಎ ಪ್ಯಾನಲ್‌ನಲ್ಲಿ 3000ಕ್ಕೆ 1 ಅಥವಾ ಅದಕ್ಕಿಂತ ಜಾಸ್ತಿ, ಅಂದರೆ ಅದೇ ಬಿಳಿಗೆ ಕಪ್ಪು 0.1 ನಿಟ್. ಓಎಲ್‌ಇಡಿಯಲ್ಲಿ ಬ್ಯಾಕ್‌ಲೈಟೇ ಇಲ್ಲ. ಒಂದೊಂದು ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ತಾನೇ ಆರುತ್ತದೆ. ಅಲ್ಲಿ ಸೋರುವುದಕ್ಕೆ ಬೆಳಕೇ ಇರುವುದಿಲ್ಲ.

0.3 ಮತ್ತು 0.1. ಕಾಗದದ ಮೇಲೆ ಇದೇನು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ. ಲೈಟ್ ಹಾಕಿದ ಕೋಣೆಯಲ್ಲಿ ನಿಜಕ್ಕೂ ದೊಡ್ಡದಲ್ಲ. ಟ್ಯೂಬ್‌ಲೈಟಿನ ಬೆಳಕು ಪರದೆಗೆ ಬಡಿದು ವಾಪಸ್ ಬರುವುದೇ ಅದಕ್ಕಿಂತ ಜಾಸ್ತಿ ಇರುತ್ತದೆ. ಅದಕ್ಕೇ ಬೆಳಕು ಚೆಲ್ಲಿದ ಅಂಗಡಿಯಲ್ಲಿ ಐಪಿಎಸ್ ಮತ್ತು ವಿಎ ಪಕ್ಕಪಕ್ಕ ಇಟ್ಟರೂ ಕಪ್ಪಿನಲ್ಲಿ ಅಂಥ ಭೇದ ಗೊತ್ತಾಗುವುದಿಲ್ಲ. ಮನೆಗೆ ತಂದು ರಾತ್ರಿ ಲೈಟ್ ಆರಿಸಿ ಕೂತಾಗ ಗೊತ್ತಾಗುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಬಹಳ ಸೂಕ್ಷ್ಮ. ಐಪಿಎಸ್ ಪರದೆಯ ಮೇಲಿನ ಅಮಾವಾಸ್ಯೆ ರಾತ್ರಿ ಆಗ ಕಪ್ಪಾಗಿ ಕಾಣುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೂಲೆಗಳಲ್ಲಿ ಇನ್ನೂ ಜಾಸ್ತಿ. ಕೆಳಗಿನ ಎರಡು ಮೂಲೆಯಲ್ಲಿ ಮಸುಕಾದ ಹಳದಿ ಅಥವಾ ಬೆಳ್ಳಿ ಬಣ್ಣದ ಹೊಳಪು ಹರಡಿಕೊಂಡಿರುತ್ತದೆ. ತಲೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಅದೂ ಸರಿಯುತ್ತದೆ, ಕುರ್ಚಿ ಹಿಂದಕ್ಕೆ ಎಳೆದರೆ ಕಡಿಮೆಯಾಗುತ್ತದೆ. ಇದನ್ನು ಐಪಿಎಸ್ ಗ್ಲೋ ಅನ್ನುತ್ತಾರೆ. ಇದು ಆ ತಂತ್ರಜ್ಞಾನದ ಸ್ವಭಾವ, ದೋಷ ಅಲ್ಲ. ಅಂಚಿನಿಂದ ಬೆಳಕು ಸೋರುವ ಬ್ಯಾಕ್‌ಲೈಟ್ ಬ್ಲೀಡ್ ಬೇರೆ. ಅದು ತಲೆ ಸರಿಸಿದರೂ ಇದ್ದಲ್ಲೇ ಇರುತ್ತದೆ, ಮತ್ತು ಜಾಸ್ತಿ ಇದ್ದರೆ ಮಾನಿಟರ್ ವಾಪಸ್ ಕೊಡುವುದಕ್ಕೆ ಅದು ನ್ಯಾಯವಾದ ಕಾರಣ.

ಹಾಗಾದರೆ ವಿಎ ತಗೊಂಡರೆ ಆಯಿತಲ್ಲ ಅನ್ನಬಹುದು. ಒಂಟಿಯಾಗಿ ಕಥೆಯ ಆಟ ಆಡುವವರಿಗೆ, ರಾತ್ರಿ ಆಡುವವರಿಗೆ, ನಾನು ಹಲವು ಸಲ ವಿಎ ಅಂತಲೇ ಹೇಳಿದ್ದೇನೆ. ಆದರೆ ಅದಕ್ಕೊಂದು ಬೇರೆ ಕಾಯಿಲೆ ಇದೆ. ವಿಎ ಪ್ಯಾನಲ್‌ನ ಸ್ಫಟಿಕಗಳು ಪೂರ್ತಿ ಕಪ್ಪಿನಿಂದ ಕಡುಬೂದಿಗೆ ಬರುವಾಗ ನಿಧಾನ. ಬೇರೆ ಬಣ್ಣಗಳ ನಡುವೆ ಚುರುಕಾಗಿಯೇ ಓಡಾಡುತ್ತವೆ, ಕತ್ತಲಿನಿಂದ ಹೊರಡುವಾಗ ಮಾತ್ರ ತಡ. ಅಗ್ಗದ ವಿಎ ಮಾನಿಟರ್ ಒಂದರಲ್ಲಿ ರಾತ್ರಿಯ ಕಾಡಿನ ದೃಶ್ಯ ಹಾಕಿ, ಮೌಸನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿ ನೋಡಿ. ಬೆಳದಿಂಗಳ ಆಕಾಶದ ಎದುರು ನಿಂತ ಬೋಳು ಮರದ ಕೊಂಬೆಗಳ ಹಿಂದೆ ಒಂದು ಕಪ್ಪು ಬಾಲ ಎಳೆದುಕೊಂಡು ಬರುತ್ತದೆ. ಕೆಲವು ಸಲ ಅದರಲ್ಲಿ ನೇರಳೆ ಛಾಯೆಯೂ ಇರುತ್ತದೆ. ಮೌಸ್ ನಿಂತಾಗ ಬಾಲ ಬಂದು ಕೊಂಬೆಗೆ ಸೇರಿಕೊಳ್ಳುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಕಾಣದೇ ಇರುವುದಿಲ್ಲ. ಈ ತೊಂದರೆ ಬಹುಮಟ್ಟಿಗೆ ಇಲ್ಲದ ವೇಗದ ವಿಎ ಪ್ಯಾನಲ್‌ಗಳೂ ಬಂದಿವೆ, ಆದರೆ ಕಡಿಮೆ ಬೆಲೆಯಲ್ಲಿ ಅವು ಸಿಗುವುದು ಕಷ್ಟ.

ಟಿಎನ್ ಅನ್ನುವ ಇನ್ನೊಂದು ಹಳೇ ಜಾತಿಯ ಪ್ಯಾನಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೇಗಕ್ಕೆ ಹೆಸರಾಗಿತ್ತು. ಈಗ ಐಪಿಎಸ್ಸೇ ಅಷ್ಟು ವೇಗವಾಗಿದೆ. ಚಿತ್ರದ ಗುಣಮಟ್ಟ ಬೇಕು ಅನ್ನುವವರು ಅದರ ಕಡೆ ನೋಡಬೇಕಾಗಿಲ್ಲ.

ಸಾಧ್ಯವಾದರೆ ಕೊಳ್ಳುವ ಮುಂಚೆ ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಹಟ. ಬೆಂಗಳೂರಿನಲ್ಲಿ ಇರುವವರಿಗೆ ಎಸ್‌ಪಿ ರಸ್ತೆ ಇದೆ. ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಪುಟ್ಟ ಪುಟ್ಟ ಮಳಿಗೆಗಳಲ್ಲಿ ಡೆಮೊ ಮಾನಿಟರ್ ಆನ್ ಮಾಡಿ ತೋರಿಸುವವರು ಸಿಗುತ್ತಾರೆ. ನಾನು ಪೆನ್‌ಡ್ರೈವ್‌ನಲ್ಲಿ ಮೂರು ಚಿತ್ರ ಇಟ್ಟುಕೊಂಡು ಹೋಗುತ್ತೇನೆ. ಒಂದು ಪೂರ್ತಿ ಕಪ್ಪು. ಒಂದು ಪೂರ್ತಿ ಬೂದು. ಇನ್ನೊಂದು, ಕಪ್ಪು ಹಿನ್ನೆಲೆಯ ಮೇಲೆ ಸ್ವಲ್ಪ ಸ್ವಲ್ಪವೇ ಬೆಳಕಾಗುತ್ತಾ ಹೋಗುವ ಚೌಕಗಳದ್ದು. ಲಾಗೊಮ್ ಅನ್ನುವ ತಾಣದಲ್ಲಿ ಅಂಥ ಪರೀಕ್ಷಾ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಒಳ್ಳೆಯ ಮಾನಿಟರಿನಲ್ಲಿ ತೀರಾ ಮೊದಲಿನ ಒಂದೆರಡು ಬಿಟ್ಟು ಉಳಿದ ಚೌಕಗಳೆಲ್ಲ ಬೇರೆಬೇರೆಯಾಗಿ ಕಾಣಬೇಕು. ಮೊದಲ ಏಳೆಂಟು ಚೌಕ ಒಂದೇ ಕಪ್ಪಾಗಿ ಬೆರೆತುಹೋಗಿದ್ದರೆ, ಆಟದ ಗುಹೆಯಲ್ಲಿ ಗೋಡೆಗೆ ಒರಗಿ ನಿಂತ ಶತ್ರುವೂ ಹಾಗೆಯೇ ಬೆರೆತುಹೋಗುತ್ತಾನೆ.

ಒಂದು ಅಂಗಡಿಯಲ್ಲಿ ನಾನು ಕಪ್ಪು ಚಿತ್ರ ಹಾಕಿಸಿ, ಅಂಗೈ ಅಡ್ಡ ಹಿಡಿದು ಮೂಲೆ ನೋಡುತ್ತಿದ್ದಾಗ ಅಂಗಡಿಯವರು ಹೇಳಿದರು, "ಎಲ್ಲಾರೂ ಕಲರ್ ನೋಡ್ತಾರೆ ಸಾರ್, ನೀವು ಆಫ್ ಆಗಿರೋ ಥರ ಇರೋದನ್ನ ನೋಡ್ತಾ ಇದೀರಲ್ಲ." ಆಮೇಲೆ ಅವರೇ ಆಸಕ್ತಿಯಿಂದ ಮೇಲಿನ ಟ್ಯೂಬ್‌ಲೈಟ್ ಆರಿಸಿದರು. ಪಕ್ಕದ ಮಾನಿಟರಿನಲ್ಲೂ ಅದೇ ಚಿತ್ರ ಹಾಕಿದರು. ಆಗ ಎರಡರ ನಡುವಿನ ವ್ಯತ್ಯಾಸ ನೋಡಿ ಅವರ ಹುಡುಗನೂ ಬಂದು ನಿಂತ. ದಿನಾ ಮಾರುವ ವಸ್ತುವನ್ನು ಅವರೂ ಕತ್ತಲಲ್ಲಿ ನೋಡಿರಲಿಲ್ಲ.

ಈಗ ಎಚ್‌ಡಿಆರ್. ಇಲ್ಲಿ ಗ್ರಾಹಕರಿಗೆ ಆಗುತ್ತಿರುವ ಅನ್ಯಾಯ ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಎಚ್‌ಡಿಆರ್ ಅಂದರೆ ಒಂದೇ ದೃಶ್ಯದಲ್ಲಿ ಕಡುಕತ್ತಲು ಮತ್ತು ಕಣ್ಣು ಕುಕ್ಕುವ ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವುದು. ಕತ್ತಲ ದೇವಸ್ಥಾನದೊಳಗೆ ಒಂದು ಪಂಜು ಉರಿಯುತ್ತಿದ್ದರೆ, ಪಂಜು ನಿಜವಾಗಿ ಉರಿದಂತೆ ಕಾಣಬೇಕು, ಕಂಬದ ನೆರಳು ನಿಜವಾಗಿ ಕಪ್ಪಾಗಿರಬೇಕು. ಅದಕ್ಕೆ ಮಾನಿಟರಿಗೆ ಎರಡು ಶಕ್ತಿ ಬೇಕು. ಒಂದು ಕಡೆ ಬೆಳಕನ್ನು ಏರಿಸುವುದು, ಅದೇ ಹೊತ್ತಿಗೆ ಇನ್ನೊಂದು ಕಡೆ ಇಳಿಸುವುದು. ಇಡೀ ಪರದೆಗೆ ಒಂದೇ ಬ್ಯಾಕ್‌ಲೈಟ್ ಇರುವ ಮಾನಿಟರ್ ಇದನ್ನು ಮಾಡುವುದಾದರೂ ಹೇಗೆ? ಪಂಜಿಗೋಸ್ಕರ ಬೆಳಕು ಏರಿಸಿದರೆ ನೆರಳೂ ಜೊತೆಗೆ ಏರುತ್ತದೆ. ಚಿತ್ರ ಪೂರ್ತಿ ತೊಳೆದಂತೆ ಬಿಳಿಚಿಕೊಳ್ಳುತ್ತದೆ.

ಆದರೂ ಅಂಥ ಮಾನಿಟರಿನ ಡಬ್ಬದ ಮೇಲೆ "ಎಚ್‌ಡಿಆರ್10 ಬೆಂಬಲ" ಅಂತ ಬರೆದಿರುತ್ತಾರೆ. ಅದರ ಅರ್ಥ ಇಷ್ಟೇ: ಎಚ್‌ಡಿಆರ್ ಸಿಗ್ನಲ್ ಬಂದರೆ ಈ ಮಾನಿಟರ್ ತೆಗೆದುಕೊಳ್ಳುತ್ತದೆ. ತೋರಿಸಬಲ್ಲದು ಅಂತ ಅಲ್ಲ. ಪರದೆಗಳ ಮಾನದಂಡ ಮಾಡುವ ವೆಸಾ ಸಂಸ್ಥೆ 2017ರ ಕೊನೆಯಲ್ಲಿ ಡಿಸ್‌ಪ್ಲೇಎಚ್‌ಡಿಆರ್ ಅನ್ನುವ ಪ್ರಮಾಣಪತ್ರ ತಂದಿತು. ಒಳ್ಳೆಯ ಕೆಲಸ. ಆದರೆ ಅದರ ಕೆಳಗಿನ ಮೆಟ್ಟಿಲು, ಅಂದರೆ 400 (ಬೆಳಕು 400 ನಿಟ್ ಮುಟ್ಟಬೇಕು ಅನ್ನುವುದು), ಪಡೆಯುವುದಕ್ಕೆ ಬ್ಯಾಕ್‌ಲೈಟನ್ನು ಭಾಗಭಾಗವಾಗಿ ಏರಿಸಿ ಇಳಿಸುವ ಲೋಕಲ್ ಡಿಮ್ಮಿಂಗ್ ಇರಲೇಬೇಕು ಅಂತಿಲ್ಲ. ಹಾಗಾಗಿ 400 ಅನ್ನುವ ಚೀಟಿ ನೋಡಿ ನಾನು ಒಂದು ರೂಪಾಯಿಯನ್ನೂ ಜಾಸ್ತಿ ಕೊಡುವುದಿಲ್ಲ. 600ರಲ್ಲಿ ಲೋಕಲ್ ಡಿಮ್ಮಿಂಗ್ ಇರುತ್ತದೆ, ಆದರೆ ಹಲವು ಸಲ ಅಂಚಿನ ಉದ್ದಕ್ಕೆ ಕೆಲವೇ ವಲಯಗಳು. ಆಗ ಒಂದು ಮೌಸ್ ಗುರುತು ಓಡಾಡಿದರೂ ಪರದೆಯ ಒಂದು ಇಡೀ ಪಟ್ಟಿ ಬೆಳಗುತ್ತದೆ. ಓಎಲ್‌ಇಡಿಗೆ 2019ರಲ್ಲಿ ಟ್ರೂ ಬ್ಲ್ಯಾಕ್ ಅಂತ ಬೇರೆ ಸಾಲು ಮಾಡಿದರು. ಅಲ್ಲಿ 400 ಅಂದರೂ ಅದರ ತೂಕವೇ ಬೇರೆ, ಯಾಕೆಂದರೆ ಕಪ್ಪು ನಿಜವಾದ ಕಪ್ಪು. ಒಂದೇ 400 ಅನ್ನುವ ಸಂಖ್ಯೆ ಎರಡು ಕಡೆ ಎರಡು ಲೋಕ.

ನಡುವಿನ ದಾರಿ ಮಿನಿ ಎಲ್‌ಇಡಿ. ಪರದೆಯ ಹಿಂದೆ ನೂರಾರು ಅಥವಾ ಸಾವಿರಕ್ಕೂ ಹೆಚ್ಚು ಪುಟ್ಟ ವಲಯಗಳಲ್ಲಿ ಬೆಳಕನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. 27 ಇಂಚಿನ ವಿಎ ಪ್ಯಾನಲ್‌ಗೆ 336 ವಲಯ ಕೊಟ್ಟ ಎಒಸಿ ಕಂಪನಿಯ ಮಾನಿಟರ್ 2023ರಲ್ಲಿ ಬಂದಾಗ ನನಗೆ ಖುಷಿಯಾಗಿತ್ತು. ತೀರಾ ದುಬಾರಿ ಮಾನಿಟರ್‌ಗಳಲ್ಲಿ ಮಾತ್ರ ಇದ್ದದ್ದು ಮಧ್ಯಮ ವರ್ಗದ ಕೈಗೆ ಸಮೀಪ ಬಂತಲ್ಲ ಅಂತ. ಇದರಲ್ಲೂ ಸಮಸ್ಯೆ ಇಲ್ಲದೇ ಇಲ್ಲ. 37 ಲಕ್ಷ ಪಿಕ್ಸೆಲ್‌ಗೆ 336 ವಲಯ ಅಂದರೆ ಒಂದೊಂದು ವಲಯದ ಪಾಲಿಗೆ ಸುಮಾರು 11 ಸಾವಿರ ಪಿಕ್ಸೆಲ್. ಕಪ್ಪು ಆಕಾಶದಲ್ಲಿ ಒಂದೇ ನಕ್ಷತ್ರ ಇದ್ದರೆ ಅದರ ಸುತ್ತ ಮಂಜಿನಂಥ ಪ್ರಭೆ ಕಾಣುತ್ತದೆ. ಆದರೂ ಬಿಸಿಲು ಬೀಳುವ ಕೋಣೆಯಲ್ಲಿ ಹಗಲೂ ಆಡುವವರಿಗೆ, ಎಚ್‌ಡಿಆರ್ ಬೇಕೇ ಬೇಕು ಅನ್ನುವವರಿಗೆ, ಬಜೆಟ್ ಓಎಲ್‌ಇಡಿ ಮುಟ್ಟದಿದ್ದರೆ, ನಾನು ತೋರಿಸುವುದು ಇದನ್ನೇ.

ಪಿಕ್ಸೆಲ್ ಮಾತು ಬಂತು. 27 ಇಂಚಿಗೆ 1080ಪಿ, ಅಂದರೆ ಮೇಲಿಂದ ಕೆಳಗೆ 1080 ಸಾಲು ಪಿಕ್ಸೆಲ್, ಬೇಡ. ಇಂಚಿಗೆ ಬರೀ 82 ಪಿಕ್ಸೆಲ್ ಸಿಗುತ್ತದೆ. ಅದೇ ಗಾತ್ರಕ್ಕೆ 1440ಪಿ ಆದರೆ 109. 24 ಇಂಚಿಗೆ 1080ಪಿ ಆದರೆ 92, ಪರವಾಗಿಲ್ಲ. ಆಟ ಮಾತ್ರ ಆಡುವವರಿಗೆ ಇದು ಅಷ್ಟು ಕಾಡದೇ ಇರಬಹುದು. ಆದರೆ ಅದೇ ಮಾನಿಟರಿನಲ್ಲಿ ಕನ್ನಡ ಓದುವವರು ಒಮ್ಮೆ ಯೋಚಿಸಬೇಕು. ನಮ್ಮ ಅಕ್ಷರಗಳು ದುಂಡಗೆ, ಒಳಗೆ ಸಣ್ಣ ಸಣ್ಣ ಸುರುಳಿ, ಕೆಳಗೆ ಒತ್ತಕ್ಷರ. ಸ್ತ್ರೀ, ರಾಷ್ಟ್ರ, ಕೃಷ್ಣ ಇಂಥ ಪದಗಳನ್ನು 82 ಪಿಕ್ಸೆಲ್‌ನ ಪರದೆಯಲ್ಲಿ ಸಣ್ಣ ಅಕ್ಷರದಲ್ಲಿ ನೋಡಿ. ಷಕಾರದ ಹೊಟ್ಟೆ ಸೀಳಿದ ಗೆರೆ ಹೂತುಹೋಗಿ ಪ ಹೌದೋ ಷ ಹೌದೋ ಗೊತ್ತಾಗುವುದಿಲ್ಲ, ಒತ್ತು ಬರೀ ಚುಕ್ಕೆಯಾಗಿರುತ್ತದೆ. ಇಂಗ್ಲಿಷಿನ ವಿಮರ್ಶೆಗಳಲ್ಲಿ ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಅವರಿಗೆ ಬೇಕಾಗಿಲ್ಲ, ನಮಗೆ ಬೇಕು.

4ಕೆ, ಅಂದರೆ 2160 ಸಾಲು, ಇನ್ನೂ ಚೆಂದ, ಒಪ್ಪುತ್ತೇನೆ. 27 ಇಂಚಿನಲ್ಲಿ ಇಂಚಿಗೆ 163 ಪಿಕ್ಸೆಲ್. ಆದರೆ 1440ಪಿಯಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್ ಇದ್ದರೆ 4ಕೆಯಲ್ಲಿ 83 ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟನ್ನೂ ಪ್ರತಿ ಫ್ರೇಮಿಗೂ, ಅಂದರೆ ಒಂದೊಂದು ಬಿಡಿ ಚಿತ್ರಕ್ಕೂ, ತುಂಬಬೇಕಾದ್ದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್. ಮಧ್ಯಮ ಕಾರ್ಡ್ ಇಟ್ಟುಕೊಂಡು 4ಕೆ ಮಾನಿಟರ್ ತಂದರೆ, ಆಟದ ಒಳಗೆ ನೆರಳು, ಪ್ರತಿಬಿಂಬ, ಬೆಳಕಿನ ಗುಣಮಟ್ಟ ಎಲ್ಲಾ ಇಳಿಸಿ ಆಡಬೇಕಾಗುತ್ತದೆ. ಚಿತ್ರ ಚೆನ್ನಾಗಿ ಕಾಣಲಿ ಅಂತ ತಂದ ಮಾನಿಟರಿಗೋಸ್ಕರ ಚಿತ್ರವನ್ನೇ ಕೆಡಿಸಿಕೊಂಡ ಹಾಗಾಯಿತು. ಹೆಚ್ಚಿನವರಿಗೆ 27 ಇಂಚು, 1440ಪಿ ಅನ್ನುವುದೇ ಸರಿಯಾದ ಜಾಗ.

ಚಲನೆಯ ಬಗ್ಗೆ ಹೇಳದಿದ್ದರೆ ಚಿತ್ರದ ಮಾತು ಅರ್ಧ ಆಗುತ್ತದೆ. ಆಟದಲ್ಲಿ ಚಿತ್ರ ನಿಂತಿರುವುದೇ ಇಲ್ಲವಲ್ಲ.

ನಾನು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಗೇಮಿಂಗ್ ಸೆಂಟರ್‌ಗಳಲ್ಲಿ ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಆಟ ಆಡುತ್ತಿದ್ದೆವು. ಗಂಟೆಗೆ ಇಷ್ಟು ಅಂತ ಕೊಟ್ಟು, ಸಾಲಾಗಿ ಕೂತು. ಮುಂದಿದ್ದದ್ದು ಭಾರದ, ಉಬ್ಬು ಗಾಜಿನ ಸಿಆರ್‌ಟಿ ಮಾನಿಟರ್. ಆ ಪರದೆಯಲ್ಲಿ ಎಷ್ಟೇ ವೇಗವಾಗಿ ತಿರುಗಿದರೂ ಗೋಡೆಯ ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತಿತ್ತು. ಆಮೇಲೆ ಚಪ್ಪಟೆ ಮಾನಿಟರ್ ಬಂದಾಗ ತಿರುಗಿದ ಕೂಡಲೇ ಎಲ್ಲಾ ಕಲಸಿಹೋಗುತ್ತಿತ್ತು. ಕಾರಣ ಇದು. ಸಿಆರ್‌ಟಿಯಲ್ಲಿ ಒಂದೊಂದು ಬಿಂದು ಒಂದೆರಡು ಮಿಲಿಸೆಕೆಂಡ್ ಮಿಂಚಿ ಆರುತ್ತಿತ್ತು. ಎಲ್‌ಸಿಡಿಯಲ್ಲಿ ಒಂದು ಫ್ರೇಮ್ ಬಂದರೆ ಮುಂದಿನದು ಬರುವವರೆಗೂ ಅಲ್ಲೇ ನಿಂತಿರುತ್ತದೆ. 60 ಹರ್ಟ್ಸ್‌ನಲ್ಲಿ ಅದು 16.7 ಮಿಲಿಸೆಕೆಂಡ್. ಚಿತ್ರ ನಿಂತಿದೆ, ಆದರೆ ನಮ್ಮ ಕಣ್ಣು ಓಡುವ ವಸ್ತುವನ್ನು ಹಿಂಬಾಲಿಸುತ್ತಾ ಮುಂದೆ ಸರಿಯುತ್ತಿರುತ್ತದೆ. ನಿಂತ ಚಿತ್ರ ಕಣ್ಣಿನೊಳಗೆ ಉಜ್ಜಿಹೋಗುತ್ತದೆ. ಟೆಸ್ಟ್ ಯುಎಫ್‌ಒ ಅನ್ನುವ ತಾಣದಲ್ಲಿ ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ಪುಟ್ಟ ಹಾರುವ ತಟ್ಟೆ ಇದೆ. 60 ಹರ್ಟ್ಸ್‌ನಲ್ಲಿ ಅದು 16 ಪಿಕ್ಸೆಲ್‌ನಷ್ಟು ಮಸುಕಾಗುತ್ತದೆ, 120ರಲ್ಲಿ 8, 240ರಲ್ಲಿ 4. ರಿಫ್ರೆಶ್ ರೇಟ್, ಅಂದರೆ ಈ ಹರ್ಟ್ಸ್, ಜಾಸ್ತಿ ಆದಷ್ಟೂ ಚಿತ್ರ ಸ್ಪಷ್ಟವಾಗುವುದು ಹೀಗೆ. ಇದು ಬರೀ ಪಂದ್ಯ ಆಡುವವರ ವಿಷಯ ಅಲ್ಲ, ಚಿತ್ರದ ಗುಣಮಟ್ಟದ್ದೇ ವಿಷಯ. ಒಂದೇ ಷರತ್ತು, ಕಾರ್ಡ್ ಕೂಡ ಅಷ್ಟು ಫ್ರೇಮ್ ಕೊಡಬೇಕು.

"1 ಎಂಎಸ್" ಅನ್ನುವುದನ್ನು ಮಾತ್ರ ನಂಬಬೇಡಿ. ಮಾನಿಟರಿನ ಮೆನುವಿನಲ್ಲಿ ಓವರ್‌ಡ್ರೈವ್ ಅಂತ ಇರುತ್ತದೆ, ಸ್ಫಟಿಕಗಳನ್ನು ಜೋರಾಗಿ ತಳ್ಳುವ ಸೌಲಭ್ಯ. ಅದನ್ನು ಕೊನೆಯ ಹಂತಕ್ಕೆ ಇಟ್ಟು, ಎಲ್ಲೋ ಒಂದು ಬಣ್ಣದಿಂದ ಇನ್ನೊಂದಕ್ಕೆ ಅಳೆದು ಆ ಅಂಕಿ ಬರೆದಿರುತ್ತಾರೆ. ಆ ಹಂತದಲ್ಲಿ ನಿಜವಾಗಿ ಆಡಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳಗಿನ ಅಂಚು ಕಾಣುತ್ತದೆ. ಹೆಚ್ಚಾಗಿ ನಡುವಿನ ಹಂತವೇ ವಾಸಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಈಗಿನ ಮಾನಿಟರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಬಣ್ಣ ತೋರಿಸುತ್ತವೆ. ವಿಂಡೋಸ್, ವೆಬ್ ಪುಟಗಳು, ಎಚ್‌ಡಿಆರ್ ಇಲ್ಲದ ಆಟಗಳು ಎಲ್ಲಾ ಎಸ್‌ಆರ್‌ಜಿಬಿ ಅನ್ನುವ 1996ರ ಬಣ್ಣದ ಅಳತೆಗೆ ಮಾಡಿದವು. ಅದನ್ನೇ ವಿಶಾಲ ಬಣ್ಣದ ಮಾನಿಟರಿಗೆ ಕಡಿವಾಣ ಇಲ್ಲದೆ ಕೊಟ್ಟರೆ ಹುಲ್ಲು ನಿಯಾನ್ ದೀಪದ ಹಾಗಾಗುತ್ತದೆ, ಮನುಷ್ಯರ ಮುಖ ಬಿಸಿಲಲ್ಲಿ ಸುಟ್ಟಂತೆ ಕೆಂಪಾಗುತ್ತದೆ. ಕೆಲವರಿಗೆ ಇದೇ ಇಷ್ಟ. ಮೊದಲ ವಾರ ನನಗೂ ಚೆಂದ ಕಾಣುತ್ತದೆ. ಆದರೆ ಆಟ ಮಾಡಿದ ಕಲಾವಿದರು ತಿಂಗಳಾನುಗಟ್ಟಲೆ ಕೂತು ಸಂಜೆಯ ಬಣ್ಣ ಹೀಗೇ ಇರಬೇಕು ಅಂತ ಹದ ಮಾಡಿರುತ್ತಾರೆ. ಅದನ್ನು ಅವರು ಕಂಡ ಹಾಗೆ ಕಾಣಬೇಕು ಅನ್ನುವುದು ನನ್ನ ಆಸೆ. ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯಾ ನೋಡಿ. ಇದ್ದರೂ, ಆ ಮೋಡಿನಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡುತ್ತದೆಯಾ ನೋಡಿ. ಬಹಳ ಮಾನಿಟರ್‌ಗಳು ಅದನ್ನು ಬೀಗ ಹಾಕಿಟ್ಟಿರುತ್ತವೆ. ಆರ್‌ಟಿಂಗ್ಸ್, ಟಿಎಫ್‌ಟಿ ಸೆಂಟ್ರಲ್, ಮಾನಿಟರ್ಸ್ ಅನ್‌ಬಾಕ್ಸ್‌ಡ್ ಇಂಥ ಮಾನಿಟರ್ ವಿಮರ್ಶಕರೆಲ್ಲ ಈ ಥರದ ಸಣ್ಣ ವಿಷಯವನ್ನೂ ಅಳೆದು ಹೇಳುತ್ತಾರೆ. ಕೊಳ್ಳುವ ಮುಂಚೆ ಮಾಡೆಲ್ ಹೆಸರು ಹಾಕಿ ಅಲ್ಲಿ ಒಂದು ಅರ್ಧ ಗಂಟೆ ಓದುವುದು ಒಳ್ಳೆಯದು.

ಓಎಲ್‌ಇಡಿ ಬಗ್ಗೆ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಏಲಿಯನ್‌ವೇರ್‌ನ 34 ಇಂಚಿನ, ಓಎಲ್‌ಇಡಿಯ ಒಂದು ಬಗೆಯಾದ ಕ್ಯೂಡಿ ಓಎಲ್‌ಇಡಿ 2022ರಲ್ಲಿ ಬಂದ ಮೇಲೆ ಈ ಬಾಗಿಲು ತೆರೆಯಿತು. ಈಗ ಹತ್ತಾರು ಮಾಡೆಲ್‌ಗಳಿವೆ. ಕತ್ತಲೇ ಮುಖ್ಯ ಅನ್ನುವವನಾಗಿ ನಾನು ಇದಕ್ಕೆ ಮನಸ್ಸು ಸೋತಿದ್ದೇನೆ. ಲೈಟ್ ಆರಿಸಿದ ಕೋಣೆಯಲ್ಲಿ ಓಎಲ್‌ಇಡಿ ಮೇಲೆ ಒಂದು ರಾತ್ರಿಯ ದೃಶ್ಯ ನೋಡಿದರೆ ಪರದೆಯ ಅಂಚು ಎಲ್ಲಿ ಮುಗಿಯಿತು, ಕೋಣೆಯ ಕತ್ತಲು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ವೇಗವೂ ಅಷ್ಟೇ, ವಿಎಯ ಆ ಕಪ್ಪು ಬಾಲ ಇಲ್ಲವೇ ಇಲ್ಲ. ದುಡ್ಡು ಇದ್ದರೆ, ರಾತ್ರಿ ಆಡುವವರಾದರೆ, ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆದರೆ ನಮ್ಮ ಮನೆಗಳಿಗೆ ಸಂಬಂಧಪಟ್ಟ ಎರಡು ಮಾತು ಹೇಳಬೇಕು. ಒಂದು, ಕ್ಯೂಡಿ ಓಎಲ್‌ಇಡಿಯಲ್ಲಿ ಮುಂದೆ ಪೋಲರೈಜರ್ ಪದರ, ಅಂದರೆ ಹೊರಗಿನ ಬೆಳಕು ವಾಪಸ್ ಹೊಳೆಯದಂತೆ ತಡೆಯುವ ಹಾಳೆ, ಇರುವುದಿಲ್ಲ. ಹೊರಗಿನ ಬೆಳಕು ಬಿದ್ದರೆ ಕಪ್ಪು ಜಾಗ ನೇರಳೆ ಮಿಶ್ರಿತ ಬೂದಾಗುತ್ತದೆ. ತಲೆಯ ಹಿಂದೆಯೇ ಕಿಟಕಿ ಇದ್ದು ಹಗಲೆಲ್ಲ ಅದು ತೆರೆದಿರುವ ಕೋಣೆಯಲ್ಲಿ ಅಷ್ಟು ದುಡ್ಡು ಕೊಟ್ಟು ತಂದ ಕಪ್ಪು ಕಾಣುವುದೇ ಇಲ್ಲ. ಎರಡನೆಯದು ಸ್ವಿಚ್ಚಿನ ವಿಷಯ. ಓಎಲ್‌ಇಡಿ ಪಿಕ್ಸೆಲ್‌ಗಳು ಬಳಸಿದಷ್ಟೂ ಸವೆಯುತ್ತವೆ. ಒಂದೇ ಚಿತ್ರ ಒಂದೇ ಜಾಗದಲ್ಲಿ ಬಹಳ ಕಾಲ ನಿಂತರೆ ಅದರ ಅಚ್ಚು ಉಳಿಯುತ್ತದೆ, ಅದೇ ಬರ್ನ್ ಇನ್. ಅದು ಬೇಗ ಆಗದಿರಲಿ ಅಂತ ಮಾನಿಟರ್ ತಾನೇ ಆಗಾಗ ಪಿಕ್ಸೆಲ್‌ಗಳನ್ನು ಸರಿದೂಗಿಸಿಕೊಳ್ಳುತ್ತದೆ. ಈ ಕೆಲಸ ನಡೆಯುವುದು ನಾವು ಆಫ್ ಮಾಡಿದ ಮೇಲೆ, ಸ್ಟ್ಯಾಂಡ್‌ಬೈನಲ್ಲಿ. ನಮ್ಮಲ್ಲಿ ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸುವುದು ರೂಢಿ. ಅಮ್ಮಂದಿರು ಅಪ್ಪಂದಿರು ಅದನ್ನು ಕಟ್ಟುನಿಟ್ಟಾಗಿ ಮಾಡುತ್ತಾರೆ, ಸಿಡಿಲು ಮಳೆಯ ಊರುಗಳಲ್ಲಂತೂ ಮಾಡಲೇಬೇಕು. ಹಾಗೆ ಆಟ ಮುಗಿದ ತಕ್ಷಣ ಕರೆಂಟ್ ತೆಗೆದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಓಎಲ್‌ಇಡಿ ತರುವವರು ಮನೆಯಲ್ಲಿ ಇದನ್ನು ಮೊದಲೇ ಹೇಳಿಡಬೇಕು: ಪರದೆ ಆಫ್ ಆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಆರಿಸಿ ಅಂತ. ಬರ್ನ್ ಇನ್ ಸೇರಿಸಿ 3 ವರ್ಷ ವಾರಂಟಿ ಕೊಡುವ ಕಂಪನಿಗಳಿವೆ. ಭಾರತದ ವಾರಂಟಿ ಚೀಟಿಯಲ್ಲೂ ಅದೇ ಮಾತು ಬರೆದಿದೆಯಾ ಓದಿಕೊಳ್ಳಿ. ಹಗಲೆಲ್ಲ ಅದೇ ಮಾನಿಟರಿನಲ್ಲಿ ಕೋಡ್ ಬರೆಯುವವರಿಗೆ, ಎಕ್ಸೆಲ್ ನೋಡುವವರಿಗೆ ನಾನು ಓಎಲ್‌ಇಡಿ ಹೇಳುವುದಿಲ್ಲ.

ನಮ್ಮ ಹುಡುಗನ ಕೋಣೆಗೆ ಪಶ್ಚಿಮದ ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಮೇಜಿನ ಮೇಲೆ. ಸಂಜೆ ಗೆಳೆಯರ ಜೊತೆ ಶೂಟಿಂಗ್ ಆಟ, ಅವರೆಲ್ಲ ಮಲಗಿದ ಮೇಲೆ ಒಬ್ಬನೇ ಕಥೆಯ ಆಟ, ಲೈಟ್ ಆರಿಸಿ. ಹಗಲು ಕಾಲೇಜಿನ ಅಸೈನ್‌ಮೆಂಟ್. ಕಾರ್ಡ್ ಮಧ್ಯಮದ್ದು. ಅಕ್ಕ ಕೊಟ್ಟ ಬಜೆಟ್‌ನಲ್ಲಿ ಓಎಲ್‌ಇಡಿ ಮಾತೇ ಇಲ್ಲ. ವಿಎ ಅಂದರೆ ಸಂಜೆಯ ಆಟಕ್ಕೆ ಆ ಬಾಲ ಕಾಡುತ್ತದೆ. ಕೊನೆಗೆ 27 ಇಂಚು, 1440ಪಿ, ಐಪಿಎಸ್ ಅಂತ ತೀರ್ಮಾನ ಮಾಡಿದೆವು. ಎಚ್‌ಡಿಆರ್ ಚೀಟಿ ಇಲ್ಲದ, ಎಸ್‌ಆರ್‌ಜಿಬಿ ಮೋಡ್ ಸರಿ ಇರುವ ಮಾಡೆಲ್. ಅವನು ಕಳಿಸಿದ್ದ ಲಿಂಕಿಗಿಂತ ಸ್ವಲ್ಪ ಅಗ್ಗವೇ ಆಯಿತು.

ಹಾಗಾದರೆ ರಾತ್ರಿಯ ಕತ್ತಲು? ಅದಕ್ಕೆ ಉಳಿದ ದುಡ್ಡಿನಲ್ಲಿ ಒಂದು ಸಣ್ಣ ಎಲ್‌ಇಡಿ ದೀಪ ತರಿಸಿ ಮಾನಿಟರಿನ ಹಿಂದೆ, ಗೋಡೆಗೆ ಬೆಳಕು ಬೀಳುವ ಹಾಗೆ ಇಡಿಸಿದೆ. ಕಣ್ಣಿಗೆ ಬೀಳಬಾರದು, ಪರದೆಗೂ ಬೀಳಬಾರದು, ಹಿಂದಿನ ಗೋಡೆಗೆ ಮಾತ್ರ. ಸುತ್ತ ಸ್ವಲ್ಪ ಬೆಳಕಿದ್ದರೆ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳುವುದಿಲ್ಲ, ಆಗ ಬೂದು ಬಣ್ಣವೂ ಕಪ್ಪಾಗಿ ತೋರುತ್ತದೆ. ಆ ದೀಪದ ಬಣ್ಣ 6500 ಕೆಲ್ವಿನ್ ಇರಬೇಕು, ಮಾನಿಟರಿನ ಬಿಳಿ ಅದಕ್ಕೇ ಹೊಂದಿಸಿರುವುದು. ನಮ್ಮ ಅದೃಷ್ಟ, ಊರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೂಲ್ ಡೇಲೈಟ್ ಬಲ್ಬ್ ಕೇಳಿದರೂ ಕೊಡುವುದು ಅದನ್ನೇ.

ಜೊತೆಗೆ ಕೆಲವು ಸೆಟ್ಟಿಂಗ್ ಬದಲಿಸಿದೆವು, ವಿಡಿಯೊ ಕಾಲ್‌ನಲ್ಲಿ. ವಿಂಡೋಸ್ ತಾನಾಗಿ 60 ಹರ್ಟ್ಸ್‌ನಲ್ಲೇ ಇಟ್ಟಿತ್ತು, ಅದನ್ನು ಏರಿಸಿದೆವು. ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿಸಿದೆ. ಎಚ್‌ಡಿಎಂಐನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೆಲವೊಮ್ಮೆ ಮಾನಿಟರನ್ನು ಟಿವಿ ಅಂದುಕೊಂಡು ಬಣ್ಣದ ವ್ಯಾಪ್ತಿಯನ್ನು ಲಿಮಿಟೆಡ್ ಅಂತ ಕಳಿಸುತ್ತದೆ. ಆಗ ಕಪ್ಪೆಲ್ಲ ಬೂದಾಗುತ್ತದೆ. ಕಪ್ಪು ಸರಿ ಇಲ್ಲ ಅಂತ ಮಾನಿಟರನ್ನು ಬೈಯುವ ಮುಂಚೆ ಅದು ಫುಲ್ ಅಂತ ಇದೆಯಾ ನೋಡಬೇಕು. ಕತ್ತಲ ಜಾಗವನ್ನು ಬೆಳಗಿಸಿ ತೋರಿಸುವ ಬ್ಲ್ಯಾಕ್ ಈಕ್ವಲೈಜರ್ ಥರದ ಸೌಲಭ್ಯ ಶೂಟಿಂಗ್ ಆಟಕ್ಕೆ ಒಂದು ಪ್ರೊಫೈಲ್‌ನಲ್ಲಿ ಇರಲಿ, ಕಥೆಯ ಆಟಕ್ಕೆ ಸೊನ್ನೆ. ರಾತ್ರಿ ಬ್ರೈಟ್‌ನೆಸ್ ಹಗಲಿನ ಅರ್ಧಕ್ಕಿಂತ ಕಡಿಮೆ. ಆಟ ಶುರುವಾಗುವಾಗ "ಎಡಗಡೆಯ ಗುರುತು ಸ್ವಲ್ಪವೇ ಕಾಣುವಂತೆ ಹೊಂದಿಸಿ" ಅಂತ ಒಂದು ಪರದೆ ಬರುತ್ತದಲ್ಲ, ಅದನ್ನು ಎಲ್ಲರೂ ಹಾಗೇ ದಾಟಿಸಿಬಿಡುತ್ತಾರೆ. ಅದನ್ನು ಆ ದೀಪ ಹಾಕಿಕೊಂಡು, ರಾತ್ರಿ, ನಿಜವಾಗಿ ಆಡುವ ಹೊತ್ತಿನಲ್ಲೇ ಮಾಡು ಅಂದೆ.

ಮಾರನೇ ದಿನ ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿದ. ಪರದೆ ಪೂರ್ತಿ ಕಪ್ಪು, ಬಲಗಡೆ ಕೆಳಗಿನ ಮೂಲೆಯಲ್ಲಿ ದೊಡ್ಡ ಹಳದಿ ಮಚ್ಚೆ. "ಮಾಮ, ಇದು ಡಿಫೆಕ್ಟಾ? ಬದಲಾಯಿಸೋಕೆ ಇನ್ನೂ ಟೈಮ್ ಇದೆ." ಫೋನಿನ ಕ್ಯಾಮೆರಾ ಕತ್ತಲು ಕಂಡರೆ ತಾನೇ ಬೆಳಕು ಏರಿಸುತ್ತದೆ. ಸಣ್ಣ ಮಚ್ಚೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಫೋಟೊ ಬಿಟ್ಟು ಕಣ್ಣಲ್ಲಿ ನೋಡು ಅಂದೆ. ತಲೆ ಎಡಕ್ಕೆ ಸರಿಸು, ಕುರ್ಚಿ ಒಂದಡಿ ಹಿಂದಕ್ಕೆ ತಗೋ, ಮಚ್ಚೆ ಏನಾಗುತ್ತದೆ ಹೇಳು. ಸರಿಯುತ್ತೆ, ಕಡಿಮೆ ಆಗುತ್ತೆ ಅಂದ. ಹಾಗಾದರೆ ಅದು ಗ್ಲೋ, ಬ್ಲೀಡ್ ಅಲ್ಲ, ಬದಲಾಯಿಸಿದರೆ ಬರುವ ಇನ್ನೊಂದರಲ್ಲೂ ಇದ್ದೇ ಇರುತ್ತದೆ. ಆಮೇಲೆ ಪರದೆಯನ್ನು ಬಿಳಿ, ಕೆಂಪು, ಹಸಿರು, ನೀಲಿ ಮಾಡಿಸಿ ಸತ್ತ ಪಿಕ್ಸೆಲ್ ಇದೆಯಾ ಅಂತ ಅಂಚಿನಿಂದ ಅಂಚಿಗೆ ಹುಡುಕಿಸಿದೆ. ಒಂದೂ ಸಿಗಲಿಲ್ಲ. ಇಟ್ಟುಕೋ, ಡಬ್ಬ ಮಾತ್ರ ವಾರಂಟಿ ಮುಗಿಯುವವರೆಗೆ ಎಸೆಯಬೇಡ ಅಂತ ಹೇಳಿದೆ.